ತನ್ನ ಗಾಯ ತಾನೇ ಮಾಯಿಸಿಕೊಳ್ಳುವ ಗೆಣಸು

ಸಂಕ್ರಾಂತಿ ಹತ್ತಿರ ಬಂತೆಂದರೆ ಬೆಂಗಳೂರಿನ ಕಲಾಸಿಪಾಳ್ಯದ ತರಕಾರಿ ಮಾರುಕಟ್ಟೆಗೆ ಬೇರೆಯದೇ ಕಳೆ ಬರುತ್ತದೆ. ಕೋಸು, ಮೂಲಂಗಿ, ಟೊಮೆಟೊಗಳ ರಾಶಿಯ ನಡುವೆ ಅವರೆಕಾಯಿ, ಹಸಿ ಕಡಲೆಕಾಯಿ, ಕಬ್ಬಿನ ಜೊತೆಗೆ ಗೆಣಸಿನ ಮೂಟೆಗಳೂ ಬಂದು ಬೀಳುತ್ತವೆ. ಲಾರಿಯಿಂದ ಹಮಾಲರ ಬೆನ್ನಿಗೆ, ಬೆನ್ನಿನಿಂದ ನೆಲಕ್ಕೆ ಇಳಿಯುವ ಹೊತ್ತಿಗೆ ಮೂಟೆಯೊಳಗಿನ ಕೆಲವು ಗೆಣಸು ತರಚಿರುತ್ತವೆ, ಕೆಲವು ಮುರಿದಿರುತ್ತವೆ. ಹೊಲದಲ್ಲೇ ಗುದ್ದಲಿ ತಾಗಿ ಸೀಳಿದವೂ ಉಂಟು. ಕೊಳ್ಳುವವರು ಅಂಥವನ್ನು ಬದಿಗೆ ಸರಿಸಿ ನುಣುಪಾದದ್ದನ್ನು ಆರಿಸಿಕೊಳ್ಳುತ್ತಾರೆ.

ಬದಿಗೆ ಸರಿಸಿದ ಆ ಗೆಣಸನ್ನೇ ಸ್ವಲ್ಪ ಗಮನಿಸಿ ನೋಡಬೇಕು. ಗಾಯದ ಬಾಯಲ್ಲಿ ಒಸರಿದ ಬಿಳಿ ಸೊನೆ ಒಣಗಿ ಕಪ್ಪಗಾಗಿರುತ್ತದೆ. ಕಿತ್ತು ಕೆಲವು ದಿನವಾಗಿದ್ದರೆ ಅದರಡಿಯಲ್ಲಿ ತೆಳುವಾದ ಕಂದು ಪೊರೆಯೊಂದು ಬೆಳೆದಿರುವುದು ಕಾಣುತ್ತದೆ. ಗೆಣಸು ತನ್ನ ಗಾಯವನ್ನು ತಾನೇ ಮಾಯಿಸಿಕೊಂಡಿದೆ!

ಈ ಮಾರುಕಟ್ಟೆಯಿಂದ ಕೂಗಳತೆಯ ದೂರದಲ್ಲಿ ವಿಕ್ಟೋರಿಯಾ ಆಸ್ಪತ್ರೆಯಿದೆ. 1897ರಲ್ಲಿ ಅಡಿಗಲ್ಲು ಬಿದ್ದು 1900ರಲ್ಲಿ ಬಾಗಿಲು ತೆರೆದ ಈ ಆಸ್ಪತ್ರೆಯ ಆವರಣದಲ್ಲೇ ಸುಟ್ಟ ಗಾಯಗಳಿಗೆ ಮೀಸಲಾದ ಮಹಾಬೋಧಿ ಕೇಂದ್ರವೂ ಇದೆ. ಒಂದು ಕಡೆ ತನ್ನ ಗಾಯ ತಾನೇ ಮಾಯಿಸಿಕೊಳ್ಳುವ ಗೆಡ್ಡೆ. ಇನ್ನೊಂದು ಕಡೆ ತಿಂಗಳುಗಟ್ಟಲೆ ಮಾಯದ ಗಾಯ ಹೊತ್ತು ಮಲಗಿರುವ ಮನುಷ್ಯ. ಮೊದಲನೆಯದು ಎರಡನೆಯವನಿಗೆ ನೆರವಾದೀತೇ? ಇದು ಕೇವಲ ಮನೆಮದ್ದಿನ ಪ್ರಶ್ನೆಯಲ್ಲ. ಕಳೆದ ಕೆಲವು ದಶಕಗಳಲ್ಲಿ ಪ್ರಯೋಗಾಲಯಗಳೂ ಈ ಪ್ರಶ್ನೆಯನ್ನು ಕೇಳಿಕೊಂಡಿವೆ. ಅವಕ್ಕೆ ಸಿಕ್ಕ ಉತ್ತರ ಕುತೂಹಲಕರವಾಗಿದೆ, ಎಚ್ಚರಿಕೆಯನ್ನೂ ಬೇಡುತ್ತದೆ.

ಹೆಸರು ಹಳೆಯದು, ಬೆಳೆ ಹೊಸದು

ಗೆಣಸು ಎಂಬುದು ಅಚ್ಚ ಕನ್ನಡದ ಹಳೆಯ ಮಾತು. ತಮಿಳಿನ ಕಿಳಂಗು ಎಂಬ ಮಾತಿನೊಡನೆ ಅದಕ್ಕೆ ನೆಂಟಸ್ತಿಕೆ ಇದೆ. ಆದರೆ ಇಂದು ನಾವು ಗೆಣಸು ಎಂದು ಬೇಯಿಸಿ ತಿನ್ನುವ ಸಿಹಿಗೆಣಸು ಈ ನೆಲದ್ದಲ್ಲ. ಅದರ ತವರು ಅಮೆರಿಕ ಖಂಡದ ಮಧ್ಯ ಮತ್ತು ದಕ್ಷಿಣ ಭಾಗ. ಪೋರ್ಚುಗೀಸರ ಹಡಗಿನಲ್ಲಿ ಅದು ಇಲ್ಲಿಗೆ ಬಂತು. ಅದಕ್ಕೂ ಮೊದಲು ಕನ್ನಡಿಗರ ಬಾಯಲ್ಲಿ ಗೆಣಸು ಎಂದರೆ ಕಾಡಿನಲ್ಲಿ ಅಗೆದು ತೆಗೆಯುತ್ತಿದ್ದ ಬೇರೆ ಜಾತಿಯ ಗೆಡ್ಡೆಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಂದಿಗೂ ಬಲ್ಲ ಕಾಡುಗೆಣಸು ಆ ಗುಂಪಿನದು. ಪರದೇಶಿ ಬೆಳೆ ಬಂದು ಹಳೆಯ ಹೆಸರಿನ ಮೇಲೆ ಕುಳಿತುಕೊಂಡಿತು.

ಇನ್ನೊಂದು ತಮಾಷೆಯೂ ಇದೆ. ಕೆರಿಬಿಯನ್ ದ್ವೀಪವಾಸಿಗಳು ಈ ಸಿಹಿಗೆಣಸನ್ನು 'ಬಟಾಟ' ಎನ್ನುತ್ತಿದ್ದರು. ಯುರೋಪಿಯನ್ನರು ಆ ಹೆಸರನ್ನು ಎತ್ತಿ ಆಲೂಗಡ್ಡೆಗೂ ಅಂಟಿಸಿದರು. ಹಾಗಾಗಿ ಕರಾವಳಿಯಲ್ಲಿ ಬಟಾಟೆ ಎಂದರೆ ಇಂದು ಆಲೂಗಡ್ಡೆಯೇ. ವಾಸ್ತವವಾಗಿ ಇವೆರಡಕ್ಕೂ ರಕ್ತಸಂಬಂಧವಿಲ್ಲ. ಆಲೂಗಡ್ಡೆ ಬದನೆ, ಟೊಮೆಟೊಗಳ ಕುಟುಂಬದ್ದು. ಅದು ನೆಲದೊಳಗೆ ಉಬ್ಬಿದ ಕಾಂಡ. ಗೆಣಸು ಹಂಬು ಬಳ್ಳಿಯ ಕುಟುಂಬದ್ದು; ಅದು ನಿಜವಾದ ಬೇರು.

ಹೆಸರಿನ ಈ ಗೊಂದಲಕ್ಕೂ ಔಷಧಕ್ಕೂ ಸಂಬಂಧವಿದೆ. ಸಿಹಿಗೆಣಸಿನ ಗುಣವನ್ನು ನಮ್ಮ ಪ್ರಾಚೀನರು ಸಾರಿದ್ದಾರೆ ಎನ್ನುವವರು ಉಂಟು. ಆದರೆ ಚರಕ, ಸುಶ್ರುತರು ಕಾಣದ ಗೆಡ್ಡೆ ಇದು. ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ವಿದಾರಿಕಂದ, ಅಂದರೆ ನೆಲಗುಂಬಳ, ಗೆಣಸಿನ ದಾಯಾದಿ ಹೌದು, ಗೆಣಸಲ್ಲ. ಅದರ ಗುಣವನ್ನು ಇದರ ಲೆಕ್ಕಕ್ಕೆ ಬರೆಯುವುದು ಸರಿಯಾಗದು. ಗೆಣಸಿನ ಔಷಧೀಯ ಯೋಗ್ಯತೆಯನ್ನು ಗೆಣಸಿನ ಮೇಲೆಯೇ ಪರೀಕ್ಷಿಸಬೇಕು.

ಬೇರಿನ ವೈದ್ಯ

ಗೆಣಸು ತನ್ನ ಗಾಯವನ್ನು ಹೇಗೆ ಮಾಯಿಸಿಕೊಳ್ಳುತ್ತದೆ? ಮೊದಲು ಸೊನೆ ಒಸರಿ ಗಾಯದ ಬಾಯನ್ನು ಮುಚ್ಚುತ್ತದೆ. ಆ ಬಳಿಕ ಮೇಲಿನ ಕೆಲವು ಪದರಗಳ ಜೀವಕೋಶಗಳ ಗೋಡೆಯಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ಸೇರಿಕೊಂಡು ನೀರು ಆರದಂತೆ ತಡೆಯುತ್ತದೆ. ಅದರ ಕೆಳಗೆ ಹೊಸ ಕೋಶಗಳು ವಿಭಜನೆಗೊಂಡು ಬೆಂಡಿನಂಥ ಪೊರೆ ಕಟ್ಟುತ್ತವೆ. ಇದೇ ಹೊಸ ಸಿಪ್ಪೆ.

ಈ ಕೆಲಸಕ್ಕೆ ಬೇಕಾದದ್ದು ಬೆಚ್ಚಗಿನ ತೇವದ ಗಾಳಿ. ಗೆಣಸನ್ನು ತಿಂಗಳುಗಟ್ಟಲೆ ದಾಸ್ತಾನು ಮಾಡುವ ದೇಶಗಳಲ್ಲಿ ಕಿತ್ತ ಕೂಡಲೇ ಅದನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇಕಡ 85ರಿಂದ 90ರಷ್ಟು ತೇವಾಂಶದಲ್ಲಿ ನಾಲ್ಕರಿಂದ ಏಳು ದಿನ ಇಡುತ್ತಾರೆ. ಗಾಯಗಳೆಲ್ಲ ಮುಚ್ಚಿಕೊಂಡ ಮೇಲೆ ತಂಪಾದ ಕೋಣೆಗೆ ಸಾಗಿಸುತ್ತಾರೆ. ಒಣ ಗಾಳಿಗೆ ಒಡ್ಡಿದರೆ ಗಾಯ ಮುಚ್ಚುವುದಿಲ್ಲ, ಬೇರು ಸುಕ್ಕುಗಟ್ಟಿ ಕೊಳೆಯುತ್ತದೆ.

ಮನುಷ್ಯನ ಚರ್ಮದ ವಿಷಯದಲ್ಲಿ ಇದೇ ಮಾತನ್ನು ವೈದ್ಯಲೋಕ ಒಪ್ಪಿದ್ದು ತೀರ ತಡವಾಗಿ. ಗಾಯಕ್ಕೆ ಗಾಳಿಯಾಡಬೇಕು, ಒಣಗಿ ಹಕ್ಕಳೆ ಕಟ್ಟಬೇಕು ಎಂಬುದೇ ಬಹುಕಾಲದ ನಂಬಿಕೆಯಾಗಿತ್ತು. 1962ರಲ್ಲಿ ಬ್ರಿಟನ್ನಿನ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ನಡೆಸಿ, ತೆಳುವಾದ ಪಾಲಿಥಿನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ, ತೆರೆದಿಟ್ಟ ಗಾಯದ ಮೇಲಿಗಿಂತ ಸುಮಾರು ಎರಡರಷ್ಟು ವೇಗದಲ್ಲಿ ಹರಡುತ್ತದೆಂದು ತೋರಿಸಿದರು. ಹೊಸ ಚರ್ಮದ ಕೋಶಗಳು ಹಸಿ ನೆಲದ ಮೇಲೆ ಸಲೀಸಾಗಿ ತೆವಳುತ್ತವೆ. ಒಣ ಹಕ್ಕಳೆ ಎದುರಾದರೆ ಅದರಡಿ ದಾರಿ ಕೊರೆದುಕೊಂಡು ಹೋಗಬೇಕಾಗುತ್ತದೆ. ಸುಶ್ರುತ ಸಂಹಿತೆ ವ್ರಣ ಚಿಕಿತ್ಸೆಗೆ ಹೇಳುವ 60 ಉಪಕ್ರಮಗಳಲ್ಲಿ ಗಾಯದ ಮೇಲೆ ಎಲೆ ಹೊದಿಸುವ 'ಪತ್ರದಾನ'ವೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು.

ಇಲಿಯ ಬೆನ್ನಿನ ಮೇಲೆ

ಗೆಣಸನ್ನೇ ಗಾಯಕ್ಕೆ ಹೊದಿಸಿದರೆ ಹೇಗೆ? 1996ರಲ್ಲಿ ಜಪಾನಿನ ಸಂಶೋಧಕರು ಗೆಣಸಿನ ನಾರಿನ ಹೊದಿಕೆ ತಯಾರಿಸಿ ಇಲಿಗಳ ಚರ್ಮದ ಗಾಯದ ಮೇಲೆ ಪರೀಕ್ಷಿಸಿದರು. ಹೊದಿಕೆ ಹಾಕಿದ ಗಾಯಗಳು ಹೆಚ್ಚು ಕುಗ್ಗಿದವು.

2011ರಲ್ಲಿ ಮುಂಬೈಯ ಔಷಧಶಾಸ್ತ್ರ ಸಂಶೋಧಕರು ಇನ್ನಷ್ಟು ವಿವರವಾದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಅವರು ಗೆಣಸಿನ ಸಿಪ್ಪೆಯ ಸತ್ವ ತೆಗೆದು ಶೇಕಡ 3, 6 ಮತ್ತು 10ರ ಪ್ರಮಾಣದಲ್ಲಿ ಮೂರು ಬಗೆಯ ಜೆಲ್ ಮಾಡಿದರು. ಸಿಪ್ಪೆಯ ಪಟ್ಟಿಯನ್ನೂ ತಯಾರಿಸಿದರು. ಹೋಲಿಕೆಗೆ ಆಸ್ಪತ್ರೆಗಳಲ್ಲಿ ಬಳಸುವ ಪೊವಿಡೋನ್ ಅಯೋಡಿನ್ ಮುಲಾಮನ್ನು ಇಟ್ಟುಕೊಂಡರು. ಜೆಲ್ ಮತ್ತು ಸಿಪ್ಪೆಯ ಪಟ್ಟಿ ಕಂಡ ಇಲಿಗಳಲ್ಲಿ ಕೂಡಿಕೊಂಡ ಚರ್ಮ ಎಳೆತಕ್ಕೆ ಹೆಚ್ಚು ತಡೆದುಕೊಂಡಿತು. ಗಾಯ ಬೇಗ ಮುಚ್ಚಿತು. ಚರ್ಮವನ್ನು ಹೊಲಿದು ಹಿಡಿಯುವ ಹುರಿಯಂತಿರುವ ಕೊಲ್ಯಾಜೆನ್ ಹೆಚ್ಚು ಕೂಡಿಕೊಂಡಿದ್ದರ ಗುರುತೂ ಸಿಕ್ಕಿತು. ಗೆಣಸಿನಲ್ಲಿರುವ ಕ್ಲೋರೋಜೆನಿಕ್ ಆಮ್ಲ ಮೊದಲಾದ ಫೀನಾಲ್ ವರ್ಗದ ವಸ್ತುಗಳು ಗಾಯದಲ್ಲಿ ಏಳುವ ಹಾನಿಕರ ಆಕ್ಸಿಜನ್ ಕಣಗಳನ್ನು ತಣಿಸುತ್ತವೆ ಎಂಬುದು ಇಂಥ ಗುಣಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ.

ಕನ್ನಡದಲ್ಲಿ ಹುಣ್ಣು ಎಂದರೆ ಕಾಲಿನದೂ ಹೌದು, ಹೊಟ್ಟೆಯೊಳಗಿನದೂ ಹೌದು. ಮುಂಬೈಯ ಅದೇ ಸಂಶೋಧಕರು 2012ರಲ್ಲಿ ಎರಡನೆಯದರತ್ತ ತಿರುಗಿದರು. ಆಸ್ಪಿರಿನ್ ಕೊಟ್ಟು ಅಥವಾ ಚಳಿಯ ಒತ್ತಡಕ್ಕೆ ಒಡ್ಡಿ ಇಲಿಗಳ ಜಠರದಲ್ಲಿ ಹುಣ್ಣು ಏಳುವಂತೆ ಮಾಡಿ, ಗೆಣಸಿನ ಸತ್ವ ಉಂಡ ಇಲಿಗಳಲ್ಲಿ ಹುಣ್ಣಿನ ತೀವ್ರತೆ ಕಡಿಮೆಯೆಂದು ಕಂಡುಕೊಂಡರು.

ಇಷ್ಟು ಓದಿದವರು ಅಡಿಗೆಮನೆಗೆ ಓಡುವ ಮೊದಲು ಮೂರು ಸಂಗತಿ ತಿಳಿದಿರಬೇಕು. ಒಂದು, ಇಲಿಯ ಗಾಯ ಮಾಯುವ ರೀತಿಯೇ ಬೇರೆ. ಅದರ ಚರ್ಮದಡಿಯಲ್ಲಿ ತೆಳುವಾದ ಸ್ನಾಯುವಿನ ಹಾಸು ಇದ್ದು, ಅದು ಗಾಯದ ಅಂಚನ್ನು ಚೀಲದ ಬಾಯಿ ಬಿಗಿದಂತೆ ಎಳೆದು ಮುಚ್ಚುತ್ತದೆ. ಮನುಷ್ಯನ ದೇಹದ ಬಹುಭಾಗದಲ್ಲಿ ಅಂಥ ಹಾಸಿಲ್ಲ. ತಳದಿಂದ ಹೊಸ ಮಾಂಸ ತುಂಬಿ ಬಂದು ಮೇಲೆ ಚರ್ಮ ಹರಡಬೇಕು. ಎರಡು, ಪ್ರಯೋಗದಲ್ಲಿ ಬಳಸಿದ್ದು ದ್ರಾವಕದಲ್ಲಿ ಸೆಳೆದು ಸಾಂದ್ರಗೊಳಿಸಿದ ಸತ್ವ. ತಟ್ಟೆಯಲ್ಲಿನ ಬೇಯಿಸಿದ ಗೆಣಸಲ್ಲ. ಮೂರು, ಇಲಿಗಳ ಗಾಯ ಆರೋಗ್ಯವಂತ ಪ್ರಾಣಿಗೆ ಬ್ಲೇಡಿನಿಂದ ಮಾಡಿದ ಚೊಕ್ಕಟ ಗಾಯ. ಕಾಯಿಲೆಯಿಂದ ಬಂದು ಕಾಯಿಲೆಯಿಂದಲೇ ಉಳಿದುಕೊಂಡ ಹುಣ್ಣಲ್ಲ.

ಹೊಟ್ಟೆಯ ಹುಣ್ಣಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ಬೆಳಕಿಗೆ ತಂದರು. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡು ವಾದವನ್ನು ಗಟ್ಟಿ ಮಾಡಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೊಟ್ಟೆಹುಣ್ಣಿಗೆ ಖಾರ, ಚಿಂತೆಗಳಷ್ಟೇ ಕಾರಣವಲ್ಲ, ಈ ಸೋಂಕು ಮತ್ತು ನೋವಿನ ಮಾತ್ರೆಗಳೇ ಮುಖ್ಯ ಕಾರಣ ಎಂದು ಅಂದಿನಿಂದ ತಿಳಿಯಿತು. ಸೋಂಕಿಗೆ ಆಂಟಿಬಯಾಟಿಕ್ ಬೇಕು. ಬೇಯಿಸಿದ ಗೆಣಸು ಹೊಟ್ಟೆಗೆ ಹಿತವಾಗಿರಬಹುದು, ಆದರೆ ಬ್ಯಾಕ್ಟೀರಿಯಾವನ್ನು ಅದು ಹೊರಗಟ್ಟುತ್ತದೆ ಎನ್ನಲು ಆಧಾರವಿಲ್ಲ. ಮಲ ಡಾಂಬರಿನಂತೆ ಕಪ್ಪಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಮದ್ದಿನ ಹುಡುಕಾಟ ಬಿಟ್ಟು ಆಸ್ಪತ್ರೆಗೆ ಹೋಗುವುದೇ ದಾರಿ.

ಆಲೂಗಡ್ಡೆ ಸಿಪ್ಪೆಯ ಪಟ್ಟಿ

ಹಾಗಾದರೆ ಮನುಷ್ಯರ ಮೇಲೆ ಗೆಡ್ಡೆ ತರಕಾರಿಯ ಪ್ರಯೋಗ ನಡೆದೇ ಇಲ್ಲವೇ? ನಡೆದಿದೆ, ಅದೂ ನಮ್ಮ ದೇಶದಲ್ಲೇ. ಆದರೆ ಅದು ಗೆಣಸಲ್ಲ, ಹೆಸರಿನಲ್ಲಷ್ಟೇ ಅದರ ನೆಂಟನಾದ ಆಲೂಗಡ್ಡೆ.

ಸುಟ್ಟ ಗಾಯಕ್ಕೆ ಅತ್ಯುತ್ತಮ ಹೊದಿಕೆ ಚರ್ಮವೇ. ಆದರೆ ಮೈಯ ಅರ್ಧ ಭಾಗ ಸುಟ್ಟವರಿಗೆ ಚರ್ಮವನ್ನು ಎಲ್ಲಿಂದ ತರುವುದು? ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸತ್ತವರ ಚರ್ಮವನ್ನು ದಾನವಾಗಿ ಪಡೆದು ಕಾದಿಡುವ ಸ್ಕಿನ್ ಬ್ಯಾಂಕ್ ಬಂದದ್ದೇ 2016ರಲ್ಲಿ. ಅದಕ್ಕೆ ಮೂರು ದಶಕ ಮೊದಲು, 1985ರಲ್ಲಿ, ಬೊಂಬಾಯಿಯ ಶಸ್ತ್ರವೈದ್ಯ ಎಂ. ಎಚ್. ಕೇಸ್ವಾನಿ ಮತ್ತು ಸಂಗಡಿಗರು ಬಡವರಿಗೆ ಎಟುಕುವ ಉಪಾಯವೊಂದನ್ನು ವರದಿ ಮಾಡಿದರು. ಆಲೂಗಡ್ಡೆ ಬೇಯಿಸಿ ಸುಲಿದ ಸಿಪ್ಪೆಯನ್ನು ಪಟ್ಟಿಯ ಬಟ್ಟೆಗೆ ಸಾಲಾಗಿ ಅಂಟಿಸಿ, ಸುರುಳಿ ಸುತ್ತಿ, ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿ, ಸುಟ್ಟ ಗಾಯದ ಮೇಲೆ ಹೊದಿಸುವುದು. ಬರಿಯ ಬಟ್ಟೆಯ ಪಟ್ಟಿ ಗಾಯಕ್ಕೆ ಕಚ್ಚಿಕೊಂಡು, ಬಿಚ್ಚುವಾಗ ಹೊಸ ಚರ್ಮವನ್ನೂ ಕಿತ್ತು ತರುತ್ತದೆ, ರೋಗಿ ಚೀರುತ್ತಾನೆ. ಸಿಪ್ಪೆ ಹಾಗೆ ಕಚ್ಚಿಕೊಳ್ಳುವುದಿಲ್ಲ. ಗಾಯದ ತೇವವೂ ಆರುವುದಿಲ್ಲ.

ಕಾರಣ ಸರಳ. ಆಲೂಗಡ್ಡೆಯ ಸಿಪ್ಪೆಯೆಂದರೆ ಸುಬೆರಿನ್ ತುಂಬಿದ ಅದೇ ಬೆಂಡಿನ ಪೊರೆ. ಗೆಣಸು ತನ್ನ ಗಾಯಕ್ಕೆ ಕಟ್ಟಿಕೊಳ್ಳುವಂಥದ್ದನ್ನೇ ವೈದ್ಯರು ಮನುಷ್ಯನ ಗಾಯಕ್ಕೆ ಕಟ್ಟಿದರು.

ಇಲ್ಲಿಗೆ ಕಥೆ ನಿಂತಿದ್ದರೆ ಚೆನ್ನಾಗಿತ್ತು. 1996ರಲ್ಲಿ ಮಹಾರಾಷ್ಟ್ರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ 100 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಜೇನುತುಪ್ಪ, ಇನ್ನೊಂದಕ್ಕೆ ಆಲೂಗಡ್ಡೆ ಸಿಪ್ಪೆಯ ಪಟ್ಟಿ ಹಾಕಿ ನೋಡಿದ ಫಲಿತಾಂಶ ಪ್ರಕಟವಾಯಿತು. ಜೇನು ಹಚ್ಚಿದವರ ಗಾಯ ಸರಾಸರಿ 10.4 ದಿನದಲ್ಲಿ ಮಾಯ್ದರೆ, ಸಿಪ್ಪೆ ಹೊದಿಸಿದವರದು 16.2 ದಿನ ತೆಗೆದುಕೊಂಡಿತು. ಜೇನಿನ ಗುಂಪಿನಲ್ಲಿ ವಾರದೊಳಗೆ ಶೇಕಡ 90ರಷ್ಟು ಗಾಯಗಳು ಸೋಂಕಿನಿಂದ ಮುಕ್ತವಾದವು. ಸಿಪ್ಪೆಯ ಗುಂಪಿನಲ್ಲಿ ಸೋಂಕು ಉಳಿದೇ ಇತ್ತು. ಸಿಪ್ಪೆ ಒಳ್ಳೆಯ ಹೊದಿಕೆ, ಆದರೆ ಕ್ರಿಮಿನಾಶಕವಲ್ಲ. ಹೊದಿಕೆಗೂ ಮದ್ದಿಗೂ ಇರುವ ಈ ಅಂತರವೇ ಗೆಡ್ಡೆಗಳ ವಿಷಯದಲ್ಲಿ ಮರೆಯಬಾರದ ಮಾತು.

ಮಣ್ಣಿನ ನೆನಪು

ಬೊಂಬಾಯಿಯ ವೈದ್ಯರು ಬೇಯಿಸಿದ ಸಿಪ್ಪೆಯನ್ನು ಮತ್ತೆ ಒತ್ತಡದ ಹಬೆಗೆ ಒಡ್ಡಿದ್ದೇಕೆ? ಗೆಡ್ಡೆ ಬೆಳೆಯುವುದು ಮಣ್ಣಿನಲ್ಲಿ. ಮಣ್ಣಿನಲ್ಲೇ ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳೂ ಇರುತ್ತವೆ. ಅವು ಎಷ್ಟು ಗಟ್ಟಿಯೆಂದರೆ ಕುದಿಯುವ ನೀರಿನಲ್ಲೂ ಉಳಿದುಕೊಳ್ಳಬಲ್ಲವು. 121 ಡಿಗ್ರಿಯ ಒತ್ತಡದ ಹಬೆಯೇ ಅವಕ್ಕೆ ಮದ್ದು. ಗೆಣಸನ್ನೋ ಆಲೂಗಡ್ಡೆಯನ್ನೋ ಹಸಿಯಾಗಿ ತುರಿದು ತೆರೆದ ಗಾಯಕ್ಕೆ ಮೆತ್ತುವ ಮನೆಮದ್ದಿನ ಅಪಾಯ ಇಲ್ಲಿದೆ. ಒಲೆಯ ಮುಂದೆ ಕೈ ಸುಟ್ಟುಕೊಂಡರೆ ಮಾಡಬೇಕಾದದ್ದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯುವುದು, ಚೊಕ್ಕಟ ಬಟ್ಟೆ ಮುಚ್ಚಿ ವೈದ್ಯರಿಗೆ ತೋರಿಸುವುದು.

ಗೆಣಸು ತನಗಾಗಿ ಮಾಡಿಕೊಳ್ಳುವ ಮದ್ದೆಲ್ಲ ನಮಗೆ ಮದ್ದಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಮೂತಿ ಹುಳು ಕೊರೆದಾಗ, ಬೂಷ್ಟು ಹಿಡಿದಾಗ ಗೆಣಸು ತನ್ನ ರಕ್ಷಣೆಗೆ ಇಪೊಮಿಯಮರೋನ್ ಎಂಬ ಕಹಿ ವಸ್ತುವನ್ನು ತಯಾರಿಸುತ್ತದೆ. ಅದು ಯಕೃತ್ತಿಗೆ ವಿಷ. ಬೂಷ್ಟು ಹಿಡಿದ ಗೆಣಸು ತಿಂದ ದನಗಳು ಶ್ವಾಸಕೋಶ ಕೆಟ್ಟು ಸತ್ತ ಪ್ರಸಂಗಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಹುಳುಕು ಗೆಣಸು ಕಹಿಯಾದರೆ ಬೇಯಿಸಿದರೂ ವಿಷ ಪೂರ್ತಿ ಹೋಗದು, ಎಸೆಯುವುದೇ ಲೇಸು.

ಎಲ್ಲಕ್ಕಿಂತ ದೊಡ್ಡ ಅಪಾಯ ಸಕ್ಕರೆ ಕಾಯಿಲೆಯವರದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಬೆಂಬಲದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಅಂಥವರ ಸಂಖ್ಯೆ 10 ಕೋಟಿ ಮೀರಿದೆ. ನರಗಳು ಜಡವಾಗಿ ಪಾದದ ಸ್ಪರ್ಶಜ್ಞಾನ ಹೋಗಿರುತ್ತದೆ. ಚಪ್ಪಲಿ ಕಚ್ಚಿದ್ದು ತಿಳಿಯುವುದಿಲ್ಲ. ರಕ್ತದ ಓಟವೂ ಕುಗ್ಗಿರುತ್ತದೆ. ನೋವಿಲ್ಲವೆಂದು ಎಲೆ, ಬೇರು, ಲೇಪಗಳಲ್ಲಿ ಕಳೆದುಹೋಗುವ ಎರಡು ವಾರದಲ್ಲಿ ಸೋಂಕು ಮೂಳೆಗೆ ಇಳಿಯಬಹುದು. ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಿ ಬರುವುದು ಎಷ್ಟೋ ಸಲ ಹೀಗೆ ಕಳೆದ ದಿನಗಳಿಂದ.

ಹಚ್ಚುವುದಲ್ಲ, ತಿನ್ನುವುದು

ಹಾಗೆಂದು ಗಾಯಾಳುವಿಗೂ ಗೆಣಸಿಗೂ ಸಂಬಂಧವೇ ಇಲ್ಲವೆಂದಲ್ಲ. ಗಾಯ ಮಾಯುವುದು ಒಂದು ಕಟ್ಟಡದ ಕೆಲಸ, ಸಾಮಗ್ರಿ ಬೇಕು. ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಕ್ರ್ಯಾಂಡನ್ ಎಂಬ ಯುವ ಶಸ್ತ್ರವೈದ್ಯ ಇದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿಕೊಂಡ. ತಿಂಗಳುಗಟ್ಟಲೆ ಸಿ ಜೀವಸತ್ವವಿಲ್ಲದ ಊಟ ಮಾಡಿದ. ಮೂರನೆಯ ತಿಂಗಳಲ್ಲಿ ಬೆನ್ನಿಗೆ ಮಾಡಿಸಿಕೊಂಡ ಗಾಯ ಎಂದಿನಂತೆ ಮಾಯಿತು. ಆರನೆಯ ತಿಂಗಳಲ್ಲಿ ಮಾಡಿಸಿಕೊಂಡದ್ದು ಮೇಲೆ ಮುಚ್ಚಿದಂತೆ ಕಂಡರೂ ಒಳಗೆ ಕೂಡಿಕೊಳ್ಳಲೇ ಇಲ್ಲ. ಸಿ ಜೀವಸತ್ವ ಕೊಟ್ಟ ಮೇಲೆ ಮಾಯಿತು. 1940ರಲ್ಲಿ ಪ್ರಕಟವಾದ ಈ ಪ್ರಯೋಗ ಇಂದಿಗೂ ಪಾಠವಾಗಿ ಉಳಿದಿದೆ. ಇಲಿ ತನ್ನ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯ ಊಟದಿಂದಲೇ ಪಡೆಯಬೇಕು.

ಗೆಣಸಿನಲ್ಲಿ ಈ ಜೀವಸತ್ವ ಅಲ್ಪಸ್ವಲ್ಪ ಇದೆ. ನೆಲ್ಲಿಕಾಯಿ, ಸೀಬೆಹಣ್ಣಿನ ಮುಂದೆ ಅದು ಏನೇನೂ ಅಲ್ಲ. ಗೆಣಸಿನ ನಿಜವಾದ ಬಲ ಎರಡು. ಮೊದಲನೆಯದು ಶಕ್ತಿ, ಅಂದರೆ ಹೊಟ್ಟೆ ತುಂಬಿಸುವ ಪಿಷ್ಟ. ಎರಡನೆಯದು ಕಿತ್ತಳೆ ಬಣ್ಣದ ತಿರುಳಿನ ತಳಿಗಳಲ್ಲಿರುವ ಬೀಟಾ ಕೆರೋಟಿನ್. ದೇಹದಲ್ಲಿ ಅದು ಎ ಜೀವಸತ್ವವಾಗಿ ಚರ್ಮ ಮತ್ತು ಒಳಪೊರೆಗಳನ್ನು ಸುಸ್ಥಿತಿಯಲ್ಲಿಡುತ್ತದೆ. ಆಫ್ರಿಕದ ದೇಶಗಳಲ್ಲಿ ಕಿತ್ತಳೆ ಗೆಣಸನ್ನು ಹರಡಿ ಎ ಜೀವಸತ್ವದ ಕೊರತೆ ನೀಗಲು ದುಡಿದ ವಿಜ್ಞಾನಿಗಳಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. 1963ರಲ್ಲಿ ಸ್ಥಾಪನೆಯಾದ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯೂ 'ಭೂ ಸೋನಾ' ಎಂಬ ಕಿತ್ತಳೆ ತಳಿಯನ್ನು ಕೊಟ್ಟಿದೆ. ನಮ್ಮ ಮಾರುಕಟ್ಟೆಗಳಲ್ಲಿ ಹೆಚ್ಚಾಗಿ ಕಾಣುವ, ಕೆಂಪು ಸಿಪ್ಪೆಯ ಬಿಳಿ ತಿರುಳಿನ ಗೆಣಸಿನಲ್ಲಿ ಮಾತ್ರ ಕೆರೋಟಿನ್ ತೀರ ಕಡಿಮೆ. ಹೊರಗಿನ ಕೆಂಪಿಗೆ ಮರುಳಾಗದೆ ಮುರಿದು ಒಳಗಿನ ಬಣ್ಣ ನೋಡಬೇಕು.

ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು. ಜಮೈಕಾದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೀರಿನಲ್ಲಿ ಬೇಯಿಸಿದ ಗೆಣಸು ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸಿದರೆ, ಸುಟ್ಟ ಗೆಣಸು ಬಹಳ ಬೇಗ ಏರಿಸಿತು. ಕೆಂಡದಲ್ಲಿ ಸುಟ್ಟದ್ದಕ್ಕಿಂತ ಬೇಯಿಸಿದ್ದು ಮೇಲು, ಅದೂ ಮಿತವಾಗಿ.

ಗೆಣಸಿನ ದೊಡ್ಡ ಕೊರತೆಯೆಂದರೆ ಪ್ರೋಟೀನು. 100 ಗ್ರಾಂ ಗೆಣಸಿನಲ್ಲಿ ಅದು ಒಂದೂವರೆ ಗ್ರಾಮಿನ ಆಸುಪಾಸು. ಹೊಸ ಮಾಂಸ ಕಟ್ಟಲು ಅದು ಎಲ್ಲಿಗೂ ಸಾಲದು. ಒಣಗಿದ ಕಡಲೆಕಾಯಿ ಬೀಜದಲ್ಲಾದರೋ 100 ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನಿದೆ. ಅವರೆಕಾಳಿನಲ್ಲೂ ಧಾರಾಳ.

ಸಂಕ್ರಾಂತಿಯ ದಿನ ಬೆಂಗಳೂರಿನ ಮನೆಗಳಲ್ಲಿ ಬೇಯುವ ಪಾತ್ರೆಯನ್ನು ಈಗ ಮತ್ತೊಮ್ಮೆ ನೋಡಬಹುದು. ಗೆಣಸು ಒಂಟಿಯಾಗಿ ಬೇಯುವುದಿಲ್ಲ. ಜೊತೆಯಲ್ಲಿ ಅವರೆಕಾಯಿ ಇರುತ್ತದೆ, ಕಡಲೆಕಾಯಿ ಇರುತ್ತದೆ. ಶಕ್ತಿಗೆ ಒಂದು, ಮಾಂಸ ಕಟ್ಟಲು ಇನ್ನೆರಡು. ಯಾವ ಹಿರಿಯರೂ ಇದನ್ನು ಗಾಯದ ಪಥ್ಯವೆಂದು ಹೇಳಿರಲಿಕ್ಕಿಲ್ಲ. ಸುಗ್ಗಿಯಲ್ಲಿ ಸಿಕ್ಕಿದ್ದನ್ನು ಒಟ್ಟಿಗೆ ಬೇಯಿಸಿದರು. ಆದರೂ ವಾರ್ಡಿನಲ್ಲಿ ಮಲಗಿದವರಿಗೆ ವೈದ್ಯರು ಒಪ್ಪಿದರೆ ಕಲಾಸಿಪಾಳ್ಯದಿಂದ ಕೊಂಡೊಯ್ಯಬಹುದಾದ ಒಳ್ಳೆಯ ಬುತ್ತಿಗಳಲ್ಲಿ ಇದೂ ಒಂದು. ಗಾಯದ ಮೇಲೆ ಏನನ್ನು ಕಟ್ಟಬೇಕೆಂಬುದನ್ನು ಮಾತ್ರ ಆಸ್ಪತ್ರೆಗೆ ಬಿಡುವುದು ಒಳ್ಳೆಯದು.